ಬಚ್ಚಲೊಲೆಯ ಮಸಿ: ಮೂರು ಸಲ ಸುಣ್ಣ ಬಳಿದೆ, ಆಮೇಲೆ ಚಿಮಣಿ ಬಿಚ್ಚಿದೆ

ಗೋಡೆಯ ಮಸಿ ತೆಗೆಯುವುದು ಹೇಗೆ ಅಂತ ಕೇಳುವವರಿಗೆ ನನ್ನ ಮೊದಲ ಉತ್ತರ: ಇನ್ನೂ ತೆಗೆಯಬೇಡಿ. ನಾನು ಮೂರು ವರ್ಷದಲ್ಲಿ ಮೂರು ಸಲ ಬಚ್ಚಲುಮನೆಗೆ ಸುಣ್ಣ ಬಳಿದಿದ್ದೇನೆ. ಪ್ರತಿ ಸಲವೂ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಎರಡು ದಿನ ಮುಂಚೆ. ಹಂಡೆ ತಿಕ್ಕಿ, ಹಿಂಡ್ಲಕಾಯಿ ಹಾರ ಕಟ್ಟಿ, ಹಿಂದೆ ಬೆಳ್ಳಗಿನ ಗೋಡೆ ನೋಡಿ ಖುಷಿಪಟ್ಟು ಮುಗಿಸುವಷ್ಟರಲ್ಲಿ, ಹದಿನೈದು ದಿನಕ್ಕೆ ಸುಣ್ಣದ ಮೇಲೆ ಚಹಾದ ಬಣ್ಣದ ಗೆರೆಗಳು ಇಳಿಯುತ್ತಿದ್ದವು. ಹೊಸ ಮಸಿ ಅಲ್ಲ ಅದು. ಹಳೆಯದೇ ಒಳಗಿಂದ ಮೇಲೆ ಬರುತ್ತಿತ್ತು.

ಮನೆ ಇರುವುದು ಸಕಲೇಶಪುರದಿಂದ ಹಾನುಬಾಳು ಕಡೆ ಹೋಗುವ ದಾರಿಯಲ್ಲಿ. ಹೆಂಚಿನ ಮನೆ, ಹಿಂದೆ ಇಳಿಮಾಡಿನ ಬಚ್ಚಲು, ಅದರಲ್ಲಿ ಒಲೆಗೆ ಹೂತಿಟ್ಟ ತಾಮ್ರದ ಹಂಡೆ. ಅಡುಗೆಗೆ ಗ್ಯಾಸ್ ಬಂದು ಯಾವ ಕಾಲವಾಯಿತು. ಆದರೆ ಸ್ನಾನದ ನೀರಿಗೆ ಮಾತ್ರ ಸೌದೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಸೋಲಾರ್ ಸುಮ್ನೆ ಅಲಂಕಾರ, ಕರೆಂಟು ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಇನ್ನು "ತೋಟದಲ್ಲಿ ಸೌದೆ ಕೊಳೀತಾ ಬಿದ್ದಿರುವಾಗ ಸಿಲಿಂಡರ್‌ಗೆ ಯಾಕೆ ದುಡ್ಡು" ಅನ್ನುವ ಅಮ್ಮನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಕಳೆದ ಹಬ್ಬದ ಹೊತ್ತಿಗೆ ಸುಣ್ಣದ ಡಬ್ಬ ಹಿಡಿದು ನಿಂತವನು ಈ ಸಲ ಬಳಿಯುವುದಿಲ್ಲ ಅಂತ ಕೂತುಬಿಟ್ಟೆ. ಕಾಫಿ ಕುಯ್ಲು ಮುಗಿಯಲಿ, ಮಾರ್ಚ್‌ನಲ್ಲಿ ಒಲೆಯನ್ನೇ ಬಿಚ್ಚಿ ನೋಡೋಣ ಅಂದುಕೊಂಡೆ.

ಬಿಚ್ಚುವ ಮೊದಲು ಒಂದು ಸಂಜೆ ಟಾರ್ಚ್ ಹಿಡಿದು ಗೋಡೆ, ಮಾಡು ಎಲ್ಲ ನೋಡಿದೆ. ನಾವು ಎಲ್ಲದಕ್ಕೂ ಮಸಿ ಅಂದುಬಿಡುತ್ತೇವೆ, ಆದರೆ ಅಲ್ಲಿ ಮೂರು ಬೇರೆ ಬೇರೆ ಸಾಮಾನು ಇತ್ತು. ಹೆಂಚು ಕೂರುವ ರೀಪುಗಳಿಂದ ಜೋತುಬಿದ್ದಿದ್ದು ಇಲ್ಲಣ: ಜೇಡರ ಬಲೆಗೆ ಕರಿ ಅಂಟಿ ದಾರದ ಹಾಗೆ ಆಗಿದ್ದು, ಉಫ್ ಅಂದರೆ ತಲೆ ಮೇಲೆ ಬೀಳುತ್ತದೆ. ಒಲೆಯ ಬಾಯಿಯ ಮೇಲಿನ ಗೋಡೆಯಲ್ಲಿ ಪುಡಿ ಮಸಿ, ಬೆರಳಲ್ಲಿ ಒರೆಸಿದರೆ ಬೆರಳಿಗೆ ಬರುತ್ತದೆ. ಪೈಪು ಗೋಡೆಗೆ ಹೋಗುವ ಜಾಗದ ಸುತ್ತ ಮಾತ್ರ ಮೂರನೆಯದು. ಹೊಳೆಯುವ, ಗಟ್ಟಿಯಾದ, ಉಗುರಲ್ಲಿ ಕೆರೆದರೆ ಚಿಪ್ಪಿನ ಹಾಗೆ ಏಳುವ ಕಿಟ್ಟ. ಮೂಸಿದರೆ ಸುಟ್ಟ ಟಾರಿನ ವಾಸನೆ. ಪುಡಿ ಮಸಿ ಅಂದರೆ ಪೂರ್ತಿ ಉರಿಯದ ಇಂಗಾಲ. ಕಿಟ್ಟ ಅಂದರೆ ಉರಿಯದೇ ಹೋದ ಆವಿ ತಣ್ಣಗಿನ ಮೈ ಸಿಕ್ಕಿ ನೀರಾಗಿ ಅಂಟಿದ್ದು. ಎರಡೂ ನಮ್ಮ ಸೌದೆಯೇ, ಹಂಡೆ ಕಾಯಿಸುವ ಬದಲು ಗೋಡೆಗೆ ಹೋಗಿ ಕೂತಿದೆ ಅಷ್ಟೆ. ಸುಣ್ಣದಿಂದ ಮೇಲೆ ಬರುತ್ತಿದ್ದದ್ದು ಈ ಕಿಟ್ಟ. ಸುಣ್ಣ ನೀರು ನೀರಾಗಿರುತ್ತದೆ, ಕಿಟ್ಟದ ಕಂದು ಅದರಲ್ಲಿ ಕರಗಿ ಮೇಲಕ್ಕೆ ಬರುತ್ತದೆ. ಎಷ್ಟು ಕೋಟು ಬಳಿದರೂ ಅಷ್ಟೇ.

ಮಾರ್ಚ್ ಎರಡನೇ ಶನಿವಾರ ಪೈಪು ಬಿಚ್ಚಿದೆ. ಹಳೆಯ ಸಿಮೆಂಟ್ ಪೈಪು, 4 ಇಂಚಿನದು. ಇಲ್ಲಿ ಸ್ವಲ್ಪ ಹುಷಾರು. ಆ ಕಾಲದ ಸಿಮೆಂಟ್ ಪೈಪಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಗರಗಸ ಹಾಕಿದರೆ ಅಥವಾ ಒಡೆದರೆ ಅದರ ಎಳೆ ಗಾಳಿಗೆ ಏಳುತ್ತದೆ, ಮಸಿಗಿಂತ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಮಾಡಿ, ಸುತ್ತಲಿನ ಗಾರೆಯನ್ನು ಉಳಿಯಿಂದ ಬಿಡಿಸಿ, ಪೈಪನ್ನು ಇಡಿಯಾಗಿ ಎಳೆದು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಟ್ಟಿಟ್ಟೆ. ಮುಖಕ್ಕೆ ಎನ್95 ಮಾಸ್ಕ್ ಹಾಕಿದ್ದೆ, ಆದರೆ ಆಸ್ಬೆಸ್ಟಾಸ್‌ಗೆ ಅದು ಸಾಲದು, ಪಿ100 ಫಿಲ್ಟರಿನದು ಬೇಕು. ಮಸಿಯ ಕೆಲಸಕ್ಕೂ ಮಾಸ್ಕ್ ಬೇಕು, ಎನ್95 ಆದರೂ. ಲಂಡನ್ನಿನಲ್ಲಿ ಚಿಮಣಿ ಗುಡಿಸುವ ಹುಡುಗರಿಗೆ ಮಸಿಯಿಂದಲೇ ಕ್ಯಾನ್ಸರ್ ಬರುತ್ತದೆ ಅಂತ ಪರ್ಸಿವಲ್ ಪಾಟ್ ಅನ್ನುವ ವೈದ್ಯ ಬರೆದದ್ದು 1775ರಲ್ಲಿ. ನಾವು ಇನ್ನೂ ಪಂಚೆ ಎತ್ತಿ ಕಟ್ಟಿ, ಬಾಯಿಗೆ ಟವೆಲ್ ಸುತ್ತಿಕೊಂಡು ಇಲ್ಲಣ ಹೊಡೆಯುತ್ತೇವೆ.

ಸುತ್ತುವ ಮೊದಲು ಪೈಪಿನ ಒಳಗೆ ನೋಡಿದರೆ 4 ಇಂಚಿನ ತೂತು ಹೆಬ್ಬೆರಳು ಹೋಗುವಷ್ಟು ಉಳಿದಿತ್ತು. ಮಿಕ್ಕಿದ್ದೆಲ್ಲ ಕಿಟ್ಟ. ಕೆರೆದು ತೆಗೆದದ್ದು ಪೇಂಟ್ ಬಕೆಟ್ಟಿನಲ್ಲಿ ಅರ್ಧ ಆಯಿತು. ಒಂದು ತುಂಡನ್ನು ಅಂಗಳದಲ್ಲಿ ಬೆಂಕಿಗೆ ಹಿಡಿದೆ. ಮೊದಲು ಗುಳ್ಳೆ ಗುಳ್ಳೆಯಾಗಿ ಉಬ್ಬಿತು, ಆಮೇಲೆ ಕೊಬ್ಬರಿ ಹೊತ್ತಿದ ಹಾಗೆ ಭಗ್ ಅಂತ ಉರಿಯಿತು. ಇದು ಮಾಡು ಹೊರುವ ಮರದ ಪಕಾಸಿಗೆ ಎರಡು ಅಡಿ ದೂರದಲ್ಲಿ, ಪೈಪಿನೊಳಗೆ, ಇಷ್ಟು ವರ್ಷ ಕೂತಿತ್ತು. ಆ ದಿನ ಮಧ್ಯಾಹ್ನ ಊಟ ಸರಿಯಾಗಿ ಸೇರಲಿಲ್ಲ ನನಗೆ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಕಾರಣ ಒಂದಲ್ಲ. ಮೊದಲನೆಯದು ಪೈಪಿನ ದಾರಿ. ಒಲೆಯಿಂದ ಅಡ್ಡಕ್ಕೆ ಹೋಗಿ, ಗೋಡೆ ದಾಟಿ, ಹೊರಗೆ ಮೇಲಕ್ಕೆ ತಿರುಗಿ, ಸೂರಿನ ಕೆಳಗೇ ನಿಂತಿತ್ತು. ಎರಡು ಮೂಲೆ ತಿರುವು. ಹೊರಗಿನ ಪೈಪು ಮಳೆಗೆ ಒದ್ದೆಯಾಗಿ ತಣ್ಣಗಿರುತ್ತದೆ, ಹೊಗೆ 120 ಡಿಗ್ರಿಗಿಂತ ಕೆಳಗಿಳಿದರೆ ಕಿಟ್ಟ ಕಟ್ಟುವುದು ಜೋರಾಗುತ್ತದೆ. ಅಲ್ಲದೆ ಮಳೆಗಾಲದ ಗಾಳಿ ಪಶ್ಚಿಮದಿಂದ ದೊಡ್ಡ ಮಾಡು ಹತ್ತಿ ಇಳಿಮಾಡಿನ ಮೇಲೆ ಕೆಳಕ್ಕೆ ಒತ್ತುತ್ತದೆ, ನೇರ ಪೈಪಿನ ಬಾಯಿಗೆ. ಹೊಗೆ ಪಾಪ ಎಲ್ಲಿಗೆ ಹೋಗಬೇಕು?

ಎರಡನೆಯದು ಒಲೆಯ ಬಾಯಿ. ಅಳೆದರೆ 14 ಇಂಚು ಅಗಲ, 12 ಇಂಚು ಎತ್ತರ, ಅಂದರೆ 168 ಚದರ ಇಂಚು. 4 ಇಂಚಿನ ದುಂಡು ಪೈಪಿನ ತೂತು ಹನ್ನೆರಡೂವರೆ ಚದರ ಇಂಚು. ಬಾಯಿಯ ಹನ್ನೆರಡನೇ ಒಂದು ಭಾಗವಾದರೂ ಪೈಪಿರಬೇಕು ಅನ್ನುವುದು ತೆರೆದ ಒಲೆಗಳಿಗೆ ಹಳೆಯ ಲೆಕ್ಕ. ನಮ್ಮದು ಹೊಸ ಪೈಪಿನಲ್ಲೇ ಹದಿಮೂರನೇ ಒಂದು ಭಾಗ, ಕಿಟ್ಟ ಕಟ್ಟಿದ ಮೇಲಂತೂ ಕೇಳಲೇಬೇಡಿ.

ಮೂರನೆಯದು ಸೌದೆ, ಇದು ಎಲ್ಲಕ್ಕಿಂತ ದೊಡ್ಡದು. ನಮ್ಮ ಕಡೆ ಮರಗಸಿ, ಅಂದರೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರುವುದು, ಮಳೆಗೆ ಮುಂಚೆ, ಏಪ್ರಿಲ್ ಮೇ ಹೊತ್ತಿಗೆ. ಸಿಲ್ವರ್ ಓಕ್, ಹಾಲುವಾಣ ಕಡಿದು ಕೆಡವುತ್ತಾರೆ, ಅದನ್ನು ಹೊತ್ತು ತಂದು ಟಾರ್ಪಾಲ್ ಹೊದಿಸುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಜುಲೈನಲ್ಲಿ ಅದೇ ಹಸಿ ಸೌದೆ ಒಲೆಗೆ. ಟಾರ್ಪಾಲ್ ಬಿಗಿಯಾಗಿ ಹೊದಿಸಿದರೆ ಒಣಗುತ್ತದೆ ಅಂತ ನಾನೂ ನಂಬಿದ್ದೆ, ನಿಜವಾಗಿ ಅದು ಒಳಗಿನ ನೀರನ್ನು ಒಳಗೇ ಇಟ್ಟುಕೊಳ್ಳುತ್ತದೆ. ಅನುಮಾನ ಯಾಕೆ ಅಂತ ತೂಕ ಹಾಕಿ ನೋಡಿದೆ. ಟಾರ್ಪಾಲ್ ಕೆಳಗಿದ್ದ, ಸೀಳದ ಸಿಲ್ವರ್ ಓಕ್ ದಿಮ್ಮಿಯ ನಡುವಿನಿಂದ ಬಿಲ್ಲೆ ಕೊಯ್ದೆ, ಅಡುಗೆಮನೆ ತಕ್ಕಡಿಯಲ್ಲಿ 412 ಗ್ರಾಂ. ಕೇಕ್ ಮಾಡುವ ಓವನ್‌ನಲ್ಲಿ 105 ಡಿಗ್ರಿಗೆ ಇಟ್ಟು, ತೂಕ ಇನ್ನು ಇಳಿಯುವುದಿಲ್ಲ ಅನ್ನುವ ತನಕ ಒಣಗಿಸಿದರೆ 263 ಗ್ರಾಂ. ಅಂದರೆ ನೂರರಲ್ಲಿ 36 ಪಾಲು ನೀರು! ಕಣದ ಕೊಟ್ಟಿಗೆಯಲ್ಲಿ ಎರಡು ಬೇಸಿಗೆ ಕಳೆದ ಕಾಫಿ ಬೊಡ್ಡೆ 390ರಿಂದ 332ಕ್ಕೆ ಇಳಿಯಿತು, ನೀರು 15 ಪಾಲು. ಸೌದೆಯಲ್ಲಿ 20ಕ್ಕಿಂತ ಕಡಿಮೆ ಇರಬೇಕು. ಒಣ ಸೌದೆಯ ಮುಕ್ಕಾಲು ಭಾಗ ಮೊದಲು ಆವಿಯಾಗಿಯೇ ಏಳುತ್ತದೆ, ಆ ಆವಿ ಚೆನ್ನಾಗಿ ಉರಿಯಲು ಸುಮಾರು 600 ಡಿಗ್ರಿ ಶಾಖ ಬೇಕು. ಹಸಿ ಸೌದೆ ಹಾಕಿದರೆ ಬೆಂಕಿ ಮೊದಲು ನೀರು ಕುದಿಸುತ್ತಾ ಕೂರುತ್ತದೆ, ಆವಿ ಉರಿಯದೇ ಹೊಗೆಯಾಗಿ ಹೋಗುತ್ತದೆ.

ನಾಲ್ಕನೆಯದನ್ನು ಹೇಳಲು ನಾಚಿಕೆ. ಹಸಿ ಸೌದೆ ಹೊತ್ತುವುದಿಲ್ಲ ಅಂತ ಸ್ಕೂಟರ್ ಟ್ಯೂಬಿನ ತುಂಡು, ಹಾಲಿನ ಪ್ಯಾಕೆಟ್ ಹಾಕಿ ಹಚ್ಚುತ್ತಿದ್ದೆವು. ಮಳೆ ನಾಡಿನಲ್ಲಿ ಇದನ್ನು ಮಾಡದ ಮನೆ ಕಡಿಮೆ. ಟ್ಯೂಬಿನ ಒಂದು ತುಂಡು ಕೊಡುವ ಕರಿ ಹೊಗೆ ಒಂದು ಹೊರೆ ಸೌದೆಯಿಂದ ಬರುವುದಿಲ್ಲ, ವಿಷ ಬೇರೆ. ಈಗ ಸಿಲ್ವರ್ ಓಕಿನ ಒಣ ಎಲೆ, ಅಡಿಕೆ ಹಾಳೆ, ತೆಂಗಿನ ಕರಟ. ಕರಟ ಎರಡು ಇದ್ದರೆ ಸಾಕು.

ಇನ್ನು ಕಟ್ಟಿದ್ದು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ಅಸ್ತ್ರ ಅನ್ನುವ ಕೇಂದ್ರದಿಂದ ಬಂದ ಅಸ್ತ್ರ ಒಲೆ ನೆನಪಿರಬೇಕು ಹಲವರಿಗೆ, ಮೂರು ಪಾತ್ರೆ ಕೂರುವ, ಚಿಮಣಿ ಇರುವ ಮಣ್ಣಿನ ಒಲೆ. ಅದರಲ್ಲಿ ಎರಡು ಬುದ್ಧಿವಂತಿಕೆ: ಸೌದೆಯ ಕೆಳಗೆ ಜಾಲರಿ, ಮತ್ತು ಗಾಳಿ ಬೇಕಾದಲ್ಲಿ ಮಾತ್ರ ಒಳಗೆ ಬರುವ ಹಾಗೆ ಮುಚ್ಚಿದ ಉರಿಗೂಡು. ಎರಡನ್ನೂ ಕದ್ದೆ. 12 ಮಿಲಿಮೀಟರ್ ಕಂಬಿಗಳನ್ನು ಬೆರಳಗಲ ಬಿಟ್ಟು ಬೆಸೆದ ಜಾಲರಿ, ಅದರ ಕೆಳಗೆ ಬೂದಿ ಗುಂಡಿ. ಒಲೆಯ ಬಾಯಿಯನ್ನು ಇಟ್ಟಿಗೆ ಮತ್ತು ಕೆಮ್ಮಣ್ಣಿನಿಂದ 9 ಇಂಚಿಗೆ 8 ಇಂಚು ಮಾಡಿದೆ. ಪೈಪು 6 ಇಂಚು, ಒಲೆಯಿಂದ ಮೊದಲ 6 ಅಡಿ ಕಪ್ಪು ಕಬ್ಬಿಣದ ಶೀಟಿನದು, ಮೇಲಿನ 8 ಅಡಿ ಜಿ.ಐ., ಅಂದರೆ ಸತುವು ಲೇಪಿಸಿದ ಕಬ್ಬಿಣ. ಪೂರ್ತಿ ಜಿ.ಐ. ಯಾಕಲ್ಲ ಅಂದರೆ ಅದರ ಮೇಲಿನ ಸತುವು 419 ಡಿಗ್ರಿಗೆ ಕರಗುತ್ತದೆ, ಬೆಂಕಿಯ ಹತ್ತಿರ ಅದರ ಹೊಗೆ ಕುಡಿಯುವ ಆಸೆ ನನಗಿಲ್ಲ. ಪೈಪು ಈಗ ಒಳಗೇ ನೇರ ಮೇಲಕ್ಕೆ ಹೋಗಿ ಮಾಡು ತೂರಿ ಹೊರಬರುತ್ತದೆ. ತೂರುವ ಕಡೆ ಒಂದು ಪಕಾಸಿ, ಮೂರು ರೀಪು ಕತ್ತರಿಸಿ ಆಂಗಲ್ ಕಬ್ಬಿಣ ಕೊಟ್ಟೆ, ಸುತ್ತ 12 ಇಂಚಿನ ತಗಡಿನ ತೋಳು, ನಡುವೆ 3 ಇಂಚು ಗಾಳಿ. ಮರ ಹತ್ತಿರವೇ ಬರಬಾರದು. ಮಾಡಿನಿಂದ ಮೇಲೆ ಕನಿಷ್ಠ 3 ಅಡಿ, ಮತ್ತು ಸುತ್ತ 10 ಅಡಿ ದೂರದೊಳಗೆ ಇರುವ ಯಾವುದಕ್ಕಿಂತಲೂ 2 ಅಡಿ ಎತ್ತರ, ಇದು ಚಿಮಣಿಯ ಹಳೆಯ ನಿಯಮ. ಕೆಳಗೆ ಮೂರು ಬಾಯಿಯ ಟೀ ಪೈಪು ಜೋಡಿಸಿ ಬಿಚ್ಚುವ ಮುಚ್ಚಳ ಇಟ್ಟೆ, ಗುಡಿಸಲು. ಎಲ್ಲ ಸೇರಿ 9,200 ರೂಪಾಯಿ ಆಯಿತು, ನನ್ನ ಕೂಲಿ ಬಿಟ್ಟು.

ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿದೆ. ಬೆಂಕಿ ಇಲ್ಲದೆಯೂ ಹೊಗೆ ಸರ್ ಅಂತ ಒಳಗೆ ಹೋಯಿತು. ಅಮ್ಮನನ್ನು ಕೂಗಿ ತೋರಿಸಿದೆ. "ದೇವರಿಗೆ ಹಚ್ಚೋದು ಬಿಟ್ಟು ಒಲೆಗಾ" ಅಂದಳು.

ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಪೈಪಿನ ಎರಡನೇ ಕೀಲಿನಿಂದ ಕಂದು ನೀರು ಹೊರಗೆ ಇಳಿದು, ಬಿಸಿ ಪೈಪಿನ ಮೇಲೆ ಸುಟ್ಟು, ಬಚ್ಚಲೆಲ್ಲ ನಾತ. ತಪ್ಪು ನನ್ನದೇ. ಮಳೆ ನೀರಿನ ಪೈಪಿನ ಅಭ್ಯಾಸ ಇರುವ ವೆಲ್ಡಿಂಗ್ ಹುಡುಗ ಸರಿಯಾಗಿ ಮೇಲಿನ ತುಂಡನ್ನು ಕೆಳಗಿನದರ ಒಳಗೆ ಕೂರಿಸಿದ್ದ. ನಾನು ಹೊಗೆ ಮೇಲಕ್ಕೆ ತಾನೇ ಹೋಗುವುದು, ಸಂದಿಯಿಂದ ಸೋರುತ್ತದೆ ಅಂತ ಬುದ್ಧಿ ಓಡಿಸಿ ಉಲ್ಟಾ ಮಾಡಿಸಿದ್ದೆ. ಹೊಗೆ ಮೇಲೆ ಹೋಗುತ್ತದೆ ನಿಜ, ಆದರೆ ಕಿಟ್ಟದ ನೀರು ಕೆಳಗೆ ಬರುತ್ತದೆ. ಮೇಲಿನ ತುಂಡಿನ ಸಣ್ಣ ತುದಿ ಕೆಳಗಿನದರ ಒಳಗಿದ್ದರೆ ಆ ನೀರು ಒಳಗೊಳಗೇ ಒಲೆಗೆ ಇಳಿದು ಸುಟ್ಟುಹೋಗುತ್ತದೆ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದ್ದಾಯಿತು. ಹುಡುಗ ಏನೂ ಹೇಳಲಿಲ್ಲ, ಆದರೆ ನಕ್ಕ ರೀತಿ ಇದೆಯಲ್ಲ.

ಇಷ್ಟಾದ ಮೇಲೆ ಗೋಡೆ. ಇಲ್ಲೂ ಮೊದಲು ಎಡವಿದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದು ಇಲ್ಲಣ ಎಳೆಯಲು ಶುರು ಮಾಡಿದೆ, ಹಿಂದೆ ತಿರುಗಿ ನೋಡಿದರೆ ಅದರ ಬೆನ್ನಿನಿಂದ ಬೂದು ಮೋಡ ಏಳುತ್ತಿತ್ತು. ಮಸಿಯ ಕಣ ಒಂದು ಮೈಕ್ರಾನಿಗಿಂತ ಎಷ್ಟೋ ಚಿಕ್ಕದು, ಬಟ್ಟೆಯ ಚೀಲದಲ್ಲಿ ನಿಲ್ಲುವುದಿಲ್ಲ. ಹೆಪಾ ಫಿಲ್ಟರ್ ಇದ್ದರೆ ಮಾತ್ರ ಆ ಕೆಲಸಕ್ಕೆ ಇಳಿಯಿರಿ. ಬಾಗಿಲು ತೆರೆದಿದ್ದರಿಂದ ಪಡಸಾಲೆಯ ಸೋಫಾ ತನಕ ಹೋಗಿತ್ತು. ಅದರ ಕಥೆ ಬೇಡ.

ಎರಡನೇ ಪಾಠ: ಒಣ ಮಸಿಗೆ ಒದ್ದೆ ಬಟ್ಟೆ ಮುಟ್ಟಿಸಬಾರದು. ಮುಟ್ಟಿಸಿದರೆ ಅದು ಶಾಯಿ, ಗೋಡೆಯ ಒಳಕ್ಕೆ ಇಳಿಯುತ್ತದೆ. ಕಡ್ಡಿಪೊರಕೆಗೆ ಹಳೆಯ ಬನಿಯನ್ ಕಟ್ಟಿ ಮೇಲಿಂದ ಕೆಳಕ್ಕೆ ನಿಧಾನ ಇಲ್ಲಣ ಸುತ್ತಿಕೊಂಡೆ, ಹೊಡೆಯಲಿಲ್ಲ. ಆಮೇಲೆ ಪುಡಿ ಮಸಿಗೆ ಚಪಾತಿ ಹಿಟ್ಟು! ಹೌದು, ಉಪ್ಪು ಹಾಕಿ ಗಟ್ಟಿಯಾಗಿ ಕಲಸಿದ ಹಿಟ್ಟಿನ ಉಂಡೆ. ಗೋಡೆ ಮೇಲೆ ಒತ್ತಿ ಉರುಳಿಸಿದರೆ ಮಸಿ ಅದಕ್ಕೆ ಅಂಟಿಕೊಂಡು ಬರುತ್ತದೆ, ಕರಿಯಾದರೆ ಮಡಚಿ ನಾದಿ ಒಳಗಿನ ಬಿಳಿ ಹೊರಗೆ ತರುವುದು. ನನ್ನ ಕಲ್ಪನೆ ಅಲ್ಲ ಇದು. ಅಮೆರಿಕದಲ್ಲಿ ಮನೆಗಳನ್ನು ಕಲ್ಲಿದ್ದಲಿನಲ್ಲಿ ಬೆಚ್ಚಗಿಡುತ್ತಿದ್ದ ಕಾಲಕ್ಕೆ ಗೋಡೆ ಕಾಗದದ ಮಸಿ ತೆಗೆಯಲು ಇಂಥ ಹಿಟ್ಟನ್ನೇ ಡಬ್ಬದಲ್ಲಿ ಮಾರುತ್ತಿದ್ದರು. ಗ್ಯಾಸ್ ಬಂದು ಮಸಿ ಹೋಯಿತು, ವ್ಯಾಪಾರ ಕುಸಿಯಿತು, ಅದೇ ಹಿಟ್ಟು 1956ರಲ್ಲಿ ಪ್ಲೇ-ಡೋ ಅನ್ನುವ ಮಕ್ಕಳ ಆಟಿಕೆಯಾಯಿತು. ನಮ್ಮ ಗೋಡೆಗೆ ಎರಡು ಕೆಜಿ ಹಿಟ್ಟು ಹಿಡಿಯಿತು. ಅಮ್ಮ ಇದನ್ನು ಇನ್ನೂ ಕ್ಷಮಿಸಿಲ್ಲ.

ಹಿಟ್ಟಾದ ಮೇಲೆ ಬಿಸಿ ನೀರು, ವಾಷಿಂಗ್ ಸೋಡಾ, ಒಂದು ಬಕೆಟ್ಟಿಗೆ ಒಂದು ಹಿಡಿ, ಕೈಗೆ ಗ್ಲೌಸ್. ಒಣ ಗುಡಿಸುವುದು ಮೇಲಿಂದ ಕೆಳಕ್ಕಾದರೆ ತೊಳೆಯುವುದು ಕೆಳಗಿಂದ ಮೇಲಕ್ಕೆ, ಇಲ್ಲದಿದ್ದರೆ ಇಳಿದ ಕರಿ ನೀರು ಒಣ ಗೋಡೆಯಲ್ಲಿ ಗೆರೆ ಬಿಡುತ್ತದೆ, ಆ ಗೆರೆ ಹೋಗುವುದಿಲ್ಲ. ಸೋಡಾ ನೀರನ್ನು ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ತಾಗಿಸಬೇಡಿ, ಕಪ್ಪಾಗುತ್ತದೆ. ಪಾತ್ರೆಗಳ ಹಳೆಯ ಉಪಾಯವೇ ಚೆನ್ನ: ಒಲೆಗೆ ಇಡುವ ಮುಂಚೆ ತಳಕ್ಕೆ ಒದ್ದೆ ಬೂದಿ ಅಥವಾ ಮಣ್ಣು ಸವರುವುದು, ಮಸಿ ಅದರ ಮೇಲೆ ಕೂತು ತೊಳೆದಾಗ ಜೊತೆಗೇ ಹೋಗುತ್ತದೆ. ಹಿಂದಿನವರು ಇದನ್ನು ಸುಮ್ನೆ ಮಾಡುತ್ತಿರಲಿಲ್ಲ.

ಕಿಟ್ಟ ಕುಡಿದ ಜಾಗ, ಸುಮಾರು ಮೂರಡಿಗೆ ನಾಲ್ಕಡಿ, ಏನು ಮಾಡಿದರೂ ಹೋಗಲಿಲ್ಲ. ಗಾರೆಯನ್ನೇ ಅರ್ಧ ಇಂಚು ಕೆತ್ತಿ ತೆಗೆದು ಸುಣ್ಣ ಮರಳಿನ ಗಾರೆ ಹಾಕಿದೆ. ಎಣ್ಣೆ ಪ್ರೈಮರ್ ಹೊಡೆದರೆ ಕಲೆ ನಿಲ್ಲುತ್ತದೆ ಅಂತ ಪೇಂಟ್ ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ನಮ್ಮದು ಮಣ್ಣಿನ ಗೋಡೆ, ಮಳೆಗಾಲದಲ್ಲಿ ತೇವ ಉಸಿರಾಡಬೇಕು, ಪ್ರೈಮರ್ ಬಾಯಿ ಮುಚ್ಚಿದರೆ ಗಾರೆ ಉದುರುತ್ತದೆ. ಸಿಮೆಂಟ್ ಗೋಡೆಯವರು ಧೈರ್ಯವಾಗಿ ಹೊಡೆಯಿರಿ. ಪಕಾಸಿಗಳ ಕರಿಯನ್ನು ಬಿಟ್ಟೆ. ಹೊಗೆ ಕುಡಿದ ಮರಕ್ಕೆ ಕುಟ್ಟೆ ಹುಳ ಹಿಡಿಯುವುದಿಲ್ಲ ಅಂತ ತೋಟದ ಹಿರಿಯರು ತಡೆದರು, ನನಗೂ ಏಣಿ ಮೇಲೆ ಇನ್ನೊಂದು ದಿನ ಬೇಡವಾಗಿತ್ತು.

ಕೊನೆಗೆ ಗಾಜಿನ ಹೆಂಚು. ಬಚ್ಚಲಿನ ಮಾಡಿನಲ್ಲಿ ಗಾಜಿನ ಹೆಂಚು ಇದೆ ಅನ್ನುವುದೇ ಮರೆತುಹೋಗಿತ್ತು, ಅಷ್ಟು ಕರಿ. ಬ್ಲೇಡಿನಲ್ಲಿ ಹೆರೆದು, ಒದ್ದೆ ಬೂದಿ ಹಾಕಿ ಕಾಗದದಲ್ಲಿ ಉಜ್ಜಿದೆ. ಹನ್ನೊಂದು ಗಂಟೆ ಹೊತ್ತಿಗೆ ಹಂಡೆಯ ಕಂಠದ ಮೇಲೆ ಒಂದು ಚೌಕ ಬಿಸಿಲು ಬಂದು ಕೂತಿತು. ತಾಮ್ರದ ಮೇಲೆ ಯಾರೋ ಹುಣಸೆ ಹಣ್ಣಿನಲ್ಲಿ ತಿಕ್ಕಿದ ಬೆರಳ ಗೆರೆಗಳು ಕಾಣುತ್ತಿದ್ದವು.

ಈಗ ಆಗಸ್ಟ್. ಮಳೆ ಬಿಟ್ಟಿಲ್ಲ. ಜುಲೈನಲ್ಲಿ ಒಂದು ಬೆಳಗ್ಗೆ ಮತ್ತೆ ಹೊಗೆ ವಾಪಸ್ ಬಂತು, ತಲೆನೋವು ಬೇರೆ. ಹೀಗಾದರೆ ಮೊದಲು ಹೊರಗೆ ಬನ್ನಿ, ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಜಾಗ ಅಲ್ವಾ, ಆಮೇಲೆ ಅದರ ಅಲಾರಂ ಒಂದನ್ನು ತರಿಸಿ ಗೋಡೆಗೆ ಹಾಕಿದೆ. ಮಳೆ ಬಿಟ್ಟ ಒಂದು ಗಂಟೆಯಲ್ಲಿ ಏಣಿ ಹಾಕಿ ನೋಡಿದರೆ ಪೈಪಿನ ಟೋಪಿಗೆ ಹಕ್ಕಿ ಬರದಿರಲಿ ಅಂತ ನಾನೇ ಕಟ್ಟಿದ್ದ ಸಣ್ಣ ಬಲೆ ಮಸಿ ಹಿಡಿದು ಕಂಬಳಿಯಾಗಿತ್ತು. ಕಿತ್ತು ಹಾಕಿದೆ. ಮೊನ್ನೆ ಕೆಳಗಿನ ಮುಚ್ಚಳ ಬಿಚ್ಚಿದಾಗ ಬಿದ್ದದ್ದು ಒಂದೂವರೆ ಲೋಟ ಒಣ ಪುಡಿ. ಕಿಟ್ಟ ಇಲ್ಲ. ಒಳಗೆ ಕಟ್ಟಿದ್ದು 2 ಮಿಲಿಮೀಟರ್ ದಾಟಿಲ್ಲ, 3 ಆದರೆ ಗುಡಿಸಬೇಕು, ಹಬ್ಬದ ತನಕ ತಡೆಯಬಹುದು.

ಈ ವರ್ಷದ ಮರಗಸಿ ಸೌದೆಯನ್ನು ಸೀಳಿ, ಕಣದ ಕೊಟ್ಟಿಗೆಯಲ್ಲಿ ಕಲ್ಲಿನ ಮೇಲೆ ಗಾಳಿ ಆಡುವ ಹಾಗೆ ಪೇರಿಸಿ, "ಮುಂದಿನ ವರ್ಷ" ಅಂತ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಅಮ್ಮ ದಿನಾ ಅದರಿಂದಲೇ ಎರಡು ಸೀಳು ಎಳೆದುಕೊಳ್ಳುತ್ತಾಳೆ. ಬಾಗಿಲಿಗೆ ಹತ್ತಿರ ಇರುವುದು ಅದೇ ಅಂತೆ.